ಸಾವಿರಕ್ಕೆ 666: ಒಂದು ಲೆಕ್ಕದ ಹಿಂದಿನ ಊರುಗಳು

1921ರಲ್ಲಿ ಮುಂಬಯಿ ನಗರಪಾಲಿಕೆಯ ಆರೋಗ್ಯ ಖಾತೆ ಬರೆದಿಟ್ಟ ಶಿಶುಮರಣದ ಪ್ರಮಾಣ ಸಾವಿರಕ್ಕೆ ಸುಮಾರು 666. ಅಂದರೆ ಆ ವರ್ಷ ನಗರದ ಪುಸ್ತಕದಲ್ಲಿ ಹುಟ್ಟಿದ ಕೂಸುಗಳು ಸಾವಿರವಾದರೆ, ವರ್ಷ ತುಂಬುವ ಮೊದಲೇ ತೀರಿಕೊಂಡವು 666. ಒಂದೇ ಕೋಣೆಯ ಬಿಡಾರಗಳ ಲೆಕ್ಕವನ್ನು ಬೇರೆ ತೆಗೆದು ನೋಡಿದರೆ ಅದು 828ಕ್ಕೆ ಏರುತ್ತಿತ್ತು. ಅದೇ ವರ್ಷ ಲಂಡನ್ನಿನಲ್ಲಿ ಈ ಪ್ರಮಾಣ 80ರ ಆಸುಪಾಸಿನಲ್ಲಿತ್ತು. ಅಲಹಾಬಾದ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಎ. ಆರ್. ಬರ್ನೆಟ್-ಹರ್ಸ್ಟ್ ಮುಂಬಯಿಯ ಕೂಲಿಕಾರರ ದುಡಿಮೆ ಮತ್ತು ವಸತಿಯ ಬಗ್ಗೆ 1925ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಅಂಕಿಗಳನ್ನು ಎತ್ತಿ ತೋರಿಸಿದರು. ಇಂಗ್ಲೆಂಡಿನಲ್ಲಿದ್ದಾಗ ಎ. ಎಲ್. ಬೌಲೀ ಅವರ ಜೊತೆ ಕಾರ್ಮಿಕ ಊರುಗಳ ಬಡತನವನ್ನು ಅಳೆದು ಕೈ ಪಳಗಿಸಿಕೊಂಡಿದ್ದವರು ಅವರು. ಅಂಕಿಗಳನ್ನು ಕಣ್ಣು ಮುಚ್ಚಿ ನಂಬುವ ಜಾಯಮಾನದವರಲ್ಲ.

ಮೂರು ಕೂಸುಗಳಲ್ಲಿ ಎರಡು ಸಾಯುವುದು ನಿಜವೇ ಆಗಿದ್ದರೆ ಗಿರಣಿ ಕೇರಿಗಳಲ್ಲಿ ಮಕ್ಕಳ ಸದ್ದೇ ಕೇಳಬಾರದಿತ್ತು. ಲೆಕ್ಕದಲ್ಲಿ ಎಲ್ಲೋ ಎಡವಟ್ಟಾಗಿತ್ತು. ಅದು ಎಲ್ಲಿ ಎಂದು ಹುಡುಕುತ್ತ ಹೋದರೆ ಪರೇಲು, ಲಾಲ್‌ಬಾಗ್‌ಗಳ ಚಾಳುಗಳನ್ನು ಬಿಟ್ಟು ಬಂದರಿನ ಕಡೆಗೂ ರೈಲುಗಾಡಿಯ ಕಡೆಗೂ ತಿರುಗಬೇಕಾಗುತ್ತದೆ.

ಕಾರಣ ಕನ್ನಡದ ಓದುಗರಿಗೆ ಹೊಸದಲ್ಲ: ತವರಿನ ಹೆರಿಗೆ. ಅಂದಿನ ಮುಂಬಯಿ ಗಂಡಸರ ಊರು. 1921ರ ಜನಗಣತಿಯಲ್ಲಿ ಸಾವಿರ ಗಂಡಸರಿಗೆ ಇದ್ದ ಹೆಂಗಸರು ಸುಮಾರು 525. ಗಂಡನ ಜೊತೆ ಬಂದು ಚಾಳಿನಲ್ಲಿ ಸಂಸಾರ ಹೂಡಿದ ಹೆಂಗಸೂ ದಿನ ತುಂಬುತ್ತ ಬಂದಂತೆ ಊರಿಗೆ ಹೊರಡುತ್ತಿದ್ದಳು. ರತ್ನಾಗಿರಿಯವಳಾದರೆ ಹಡಗು. ಸಾತಾರೆ, ಪುಣೆ, ಸೋಲಾಪುರ, ಅಥವಾ ಅದರಾಚೆಯ ಬೆಳಗಾವಿ, ವಿಜಾಪುರದ ಕಡೆಯವಳಾದರೆ ರೈಲು. ಕೂಸು ಹುಟ್ಟುವುದು ಅಲ್ಲಿ. ಬಾಣಂತನ ಮುಗಿಸಿ, ಕೂಸನ್ನು ಎತ್ತಿಕೊಂಡು ಮತ್ತೆ ಅದೇ ಒಂದು ಕೋಣೆಗೆ ಅವಳು ಬರುವ ಹೊತ್ತಿಗೆ ಅದಕ್ಕೆ ಮೂರೋ ನಾಲ್ಕೋ ತಿಂಗಳು. ಆಮೇಲೆ ಅದು ಸತ್ತರೆ ಸಾವು ಮುಂಬಯಿಯ ಪುಸ್ತಕದಲ್ಲಿ. ಹುಟ್ಟು ಮಾತ್ರ ಹಳ್ಳಿಯ ಪುಸ್ತಕದಲ್ಲಿ, ಅಥವಾ ಯಾವ ಪುಸ್ತಕದಲ್ಲೂ ಇಲ್ಲ.

ಇದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಒಂದು ಊಹೆಯ ಕೇರಿಯಿಂದ ನೋಡಬಹುದು. ಆ ಕೇರಿಯಲ್ಲಿ ವರ್ಷಕ್ಕೆ 100 ಕೂಸುಗಳು ಹುಟ್ಟಿ ನೋಂದಣಿಯಾಗುತ್ತವೆ. ಹೊರಗೆ ಹುಟ್ಟಿದ 60 ಕೂಸುಗಳು ತಾಯಂದಿರ ಕಂಕುಳಲ್ಲಿ ಬಂದು ಸೇರುತ್ತವೆ. ಒಟ್ಟು 160ರಲ್ಲಿ ಕಾಲುಭಾಗ, ಎಂದರೆ 40, ಅಲ್ಲಿ ಸಾಯುತ್ತವೆ. ನಿಜವಾದ ಪ್ರಮಾಣ ಸಾವಿರಕ್ಕೆ 250. ಆದರೆ ಗುಮಾಸ್ತ 40ನ್ನು ಭಾಗಿಸುವುದು ತನ್ನ ಬಳಿ ಇರುವ 100ರಿಂದ. ಹಾಗಾಗಿ ಅವನ ಉತ್ತರ 400. ಇದರ ಜೊತೆಗೆ ನಗರದೊಳಗೇ ಹುಟ್ಟಿದರೂ ಯಾರೂ ಹೋಗಿ ಬರೆಸದ ಕೂಸುಗಳಿದ್ದವು. ಸಾವನ್ನು ಮುಚ್ಚಿಡುವುದು ಕಷ್ಟ. ಸುಡುಗಾಡಿನಲ್ಲೂ ಕಬರಸ್ತಾನದಲ್ಲೂ ಪಾಲಿಕೆಯ ಗುಮಾಸ್ತ ಕೂತಿರುತ್ತಿದ್ದ. ತೊಟ್ಟಿಲಿನ ಪಕ್ಕದಲ್ಲಿ ಅಂಥವನು ಯಾರೂ ಇರಲಿಲ್ಲ.

ಹೀಗೆ ಮುಂಬಯಿಯ ಲೆಕ್ಕ ಉಬ್ಬಿದಷ್ಟೇ ಹಳ್ಳಿಯ ಲೆಕ್ಕ ಇಳಿಯಿತು. ಹುಟ್ಟನ್ನು ಬರೆದುಕೊಂಡ ಪೊಲೀಸ್ ಪಾಟೀಲನಿಗೆ ಆ ಕೂಸು ಮುಂಬಯಿಯಲ್ಲಿ ಸತ್ತ ಸುದ್ದಿ ಬಂದರೂ ಅದನ್ನು ಬರೆಯುವ ಕಾಲಂ ಅವನ ಪುಸ್ತಕದಲ್ಲಿಲ್ಲ. ಮುಂಬಯಿ ಪ್ರಾಂತದ ಆರೋಗ್ಯ ವರದಿಗಳಲ್ಲಿ ಥಾಣೆ, ರತ್ನಾಗಿರಿ, ಸಾತಾರೆಗಳ ಪಕ್ಕದಲ್ಲೇ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಸಾಲಾಗಿ ಕೂರುತ್ತಿದ್ದವು. ಎಲ್ಲವನ್ನೂ ಎಣಿಸುತ್ತಿದ್ದದ್ದು ಒಂದೇ ಕಚೇರಿ. ಹಾಗಿದ್ದೂ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಹೋದ ಕೂಸನ್ನು ಹಿಂಬಾಲಿಸುವ ದಾರಿ ಆ ಕಚೇರಿಗೆ ಗೊತ್ತಿರಲಿಲ್ಲ.

ಈ ಹೋಗಿಬರುವ ದಾರಿಯ ಮೇಲಿದ್ದದ್ದು ಥಾಣೆ ಜಿಲ್ಲೆ. 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಹೊರಟ ಮೊದಲ ರೈಲು ಥಾಣೆಗೆ ಬಂದು ನಿಂತಿತು. ಮರುವರ್ಷ ಹಳಿ ಕಲ್ಯಾಣ್ ಮುಟ್ಟಿತು. ಅಲ್ಲಿಂದ ಒಂದು ಕವಲು ಇಗತ್‌ಪುರಿಯ ಘಾಟಿಗೆ, ಇನ್ನೊಂದು ಖಂಡಾಲದ ಘಾಟಿಗೆ. ಗಿರಣಿಯ ಹೆಂಗಸು ಘಟ್ಟದ ಮೇಲಿನ ತವರಿಗೆ ಹೋಗಬೇಕಾದರೆ ಕಲ್ಯಾಣ್ ದಾಟದೆ ಹೋಗುವಂತಿರಲಿಲ್ಲ. ಇಂದು ಲೋಕಲ್ ಗಾಡಿಯ ಬಾಗಿಲಿಗೆ ಜೋತುಬಿದ್ದು ಬರುವವರಿಗೆ ನಂಬುವುದು ಕಷ್ಟ, ಆದರೆ 1901ರಲ್ಲಿ ಥಾಣೆ ಪಟ್ಟಣದ ಜನಸಂಖ್ಯೆ ಸುಮಾರು 16,000, ಕಲ್ಯಾಣದ್ದು 11,000ಕ್ಕೂ ಕಡಿಮೆ. ಡೊಂಬಿವಲಿ ಭತ್ತದ ಗದ್ದೆಗಳ ನಡುವಿನ ಹಳ್ಳಿ. ಈಗ ನವಿ ಮುಂಬಯಿ ಎನ್ನುವ ಕಡೆ ಆಗ್ರಿ, ಕೋಳಿ ಜನರ ಊರುಗಳು, ಉಪ್ಪಿನ ಗದ್ದೆಗಳು, ಮೀನಿನ ದೋಣಿಗಳು. ಇನ್ನೊಂದು ಕಡೆ, ಇಂದಿನ ಮುಂಬಯಿಯ ದೊಡ್ಡ ಪಾಲು ಆಗ ಥಾಣೆ ಜಿಲ್ಲೆಯೊಳಗಿತ್ತು. ಬಾಂದ್ರಾ, ಕುರ್ಲಾ, ಅಂಧೇರಿ, ಚೆಂಬೂರು ಎಲ್ಲ 1920ರಲ್ಲಿ ಮುಂಬಯಿ ಉಪನಗರ ಜಿಲ್ಲೆ ಹುಟ್ಟುವವರೆಗೆ ಥಾಣೆಯವೇ. ತಾತಾ ಅವರ ಸ್ವದೇಶಿ ಗಿರಣಿ ಓಡುತ್ತಿದ್ದ ಕುರ್ಲಾ ಕೂಡ. ಹಾಗಾಗಿ ‘ಮುಂಬಯಿಯ ಗಿರಣಿ, ಥಾಣೆಯ ಹಳ್ಳಿ’ ಎಂದು ಗೆರೆ ಎಳೆದು ಮಾತಾಡುವುದು ಆ ಕಾಲಕ್ಕೆ ಸರಿಹೊಂದುವುದಿಲ್ಲ.

ಕೂಸಿನ ಸಾವು ಆ ಕಾಲಕ್ಕೆ ಬಡವರ ಕೇರಿಗಷ್ಟೇ ಸೇರಿದ್ದೂ ಅಲ್ಲ. ಕಲ್ಯಾಣದಲ್ಲಿ ಬೆಳೆದ ಯಮುನಾ ಎಂಬ ಬ್ರಾಹ್ಮಣ ಹುಡುಗಿಯನ್ನು ಒಂಬತ್ತನೇ ವಯಸ್ಸಿನಲ್ಲಿ ಅಂಚೆ ಇಲಾಖೆಯ ಗೋಪಾಲರಾವ್ ಜೋಶಿ ಎಂಬ ವಿಧುರನಿಗೆ ಕೊಟ್ಟು ಮದುವೆ ಮಾಡಿದರು. ಮದುವೆಯ ಮೇಲೆ ಅವಳ ಹೆಸರು ಆನಂದಿಬಾಯಿ. ಹದಿನಾಲ್ಕಕ್ಕೆ ಗಂಡುಮಗು ಹೆತ್ತಳು. ಅದು ಬದುಕಿದ್ದು ಹತ್ತು ದಿನ. ತಕ್ಕ ವೈದ್ಯವಿಲ್ಲದೆ ಮಗು ಹೋಯಿತು ಎಂಬ ಕೊರಗೇ ಅವಳನ್ನು 1883ರಲ್ಲಿ ಅಮೆರಿಕೆಯ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಕಳಿಸಿತು. 1886ರ ಮಾರ್ಚಿನಲ್ಲಿ ಪದವಿ ಪಡೆದಾಗ ಆಕೆ ಬರೆದುಕೊಟ್ಟ ಪ್ರಬಂಧದ ವಿಷಯವೂ ಹೆರಿಗೆಯೇ: ಆರ್ಯ ಹಿಂದೂಗಳಲ್ಲಿ ಪ್ರಸೂತಿ ವಿಧಾನ. ಕೊಲ್ಲಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಾರ್ಡನ್ನು ನೋಡಿಕೊಳ್ಳುವ ಕೆಲಸ ಅವರಿಗಾಗಿ ಕಾದಿತ್ತು. ಅದನ್ನು ವಹಿಸಿಕೊಳ್ಳಲು ಕ್ಷಯ ಬಿಡಲಿಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡಾಗ ಅವರಿಗಿನ್ನೂ 22 ತುಂಬಿರಲಿಲ್ಲ. ಆನಂದಿಬಾಯಿಯನ್ನು ಮೊದಲ ಮಹಿಳಾ ವೈದ್ಯರ ಸಾಲಿನಲ್ಲಿ ನೆನೆಯುವಾಗ ಆ ಹತ್ತು ದಿನದ ಕೂಸು ಒಂದು ವಾಕ್ಯದಲ್ಲಿ ಬಂದು ಹೋಗುತ್ತದೆ.

ಹತ್ತು ದಿನ ಎಂಬ ಅವಧಿಯನ್ನೂ ಗಮನಿಸಬೇಕು. ಮಹಾರಾಷ್ಟ್ರದಲ್ಲಿ ಕೂಸು ಹುಟ್ಟಿದ ಐದನೆಯ, ಆರನೆಯ ರಾತ್ರಿ ಸಟವಾಯಿಗೆ ಪೂಜೆ. ಮನೆಯವರು ಎಚ್ಚರವಿದ್ದು ಕಾಯುತ್ತಾರೆ. ಉತ್ತರ ಕರ್ನಾಟಕದ ಮನೆಗಳಲ್ಲೂ ಶೆಟವಿ ಬಂದು ಹಣೆಬರಹ ಬರೆಯುವ ರಾತ್ರಿ ಅದೇ. ಹೊಕ್ಕುಳ ಬಳ್ಳಿಯನ್ನು ಕುಡುಗೋಲಿನಿಂದಲೋ ಬಿದಿರಿನ ಸಿಬಿರಿನಿಂದಲೋ ಕತ್ತರಿಸಿ ಬೂದಿಯನ್ನೋ ಸಗಣಿಯನ್ನೋ ಮೆತ್ತಿದ ಕೂಸಿಗೆ ಧನುರ್ವಾತ ತಗಲಿದರೆ ಅದು ಕಾಣಿಸಿಕೊಳ್ಳುವುದೂ ಹೆಚ್ಚುಕಡಿಮೆ ನಾಲ್ಕನೆಯ ದಿನದಿಂದ ಹದಿನಾಲ್ಕನೆಯ ದಿನದೊಳಗೆ. ದವಡೆ ಕಚ್ಚಿಕೊಳ್ಳುತ್ತದೆ, ಮೊಲೆ ಹಿಡಿಯಲಾಗುವುದಿಲ್ಲ, ಮೈ ಬಿಲ್ಲಿನಂತೆ ಬಾಗುತ್ತದೆ. ಯಾವ ರಾತ್ರಿ ಭಯಪಡಬೇಕು ಎಂಬುದು ಹೆಂಗಸರಿಗೆ ಸರಿಯಾಗಿಯೇ ಗೊತ್ತಿತ್ತು. ಭಯದ ಮೂಲ ಕುಡುಗೋಲಿನ ಅಲಗಿನಲ್ಲಿದೆ ಎಂಬುದು ಗೊತ್ತಿರಲಿಲ್ಲ. ಸತ್ತ ಕೂಸುಗಳ ಎದುರು ಗುಮಾಸ್ತರು ಬರೆಯುತ್ತಿದ್ದ ‘ಸೆಳವು’, ‘ಜನ್ಮತಃ ನಿಶ್ಶಕ್ತಿ’ ಎಂಬ ಕಾರಣಗಳೂ ಅದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ಸೂಲಗಿತ್ತಿಯರನ್ನು ಬೈಯುವುದು ಅಂದಿನ ವೈದ್ಯರಿಗೆ ರೂಢಿಯಾಗಿತ್ತು. ಹಳ್ಳಿಯಲ್ಲಿ ಅವರ ಬದಲು ಯಾರು ಎಂಬ ಪ್ರಶ್ನೆಗೆ ಮಾತ್ರ ಬಹಳ ಕಾಲ ಉತ್ತರವಿರಲಿಲ್ಲ.

ಸರಕಾರಕ್ಕೆ ಥಾಣೆ ಜಿಲ್ಲೆಯ ನೆನಪಾದದ್ದು ಬೇರೆ ರೋಗದಿಂದ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾ. ಅಕೇಸಿಯೊ ವಿಯೇಗಾಸ್ ಪ್ಲೇಗನ್ನು ಗುರುತಿಸಿದರು. ಕೆಲವೇ ತಿಂಗಳಲ್ಲಿ ನಗರದ ಎಂಟೂವರೆ ಲಕ್ಷದಷ್ಟು ಜನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಊರು ಬಿಟ್ಟು ಓಡಿದರು. ಓಡಿದ ದಾರಿ ಮತ್ತೆ ಅದೇ. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು; ಕಲ್ಯಾಣ್ ನಿಲ್ದಾಣ ತಪಾಸಣೆಯ ದೊಡ್ಡ ಠಾಣ್ಯವಾಯಿತು. ಗಾಡಿಯಿಂದ ಇಳಿಸಿ, ಸಾಲಾಗಿ ನಿಲ್ಲಿಸಿ, ಕಂಕುಳು ತೊಡೆಸಂದಿ ಮುಟ್ಟಿ ನೋಡುವುದು. ಜ್ವರವಿದ್ದರೆ ಆಸ್ಪತ್ರೆ, ಅನುಮಾನವಿದ್ದರೆ ಶಿಬಿರ. ಈ ಮುಟ್ಟಿ ನೋಡುವಿಕೆ, ಮನೆ ನುಗ್ಗುವಿಕೆ ಎಬ್ಬಿಸಿದ ಸಿಟ್ಟೇ ಆ ಜೂನಿನಲ್ಲಿ ಪುಣೆಯಲ್ಲಿ ರ್‍ಯಾಂಡ್ ಎಂಬ ಅಧಿಕಾರಿಯ ಕೊಲೆಗೆ ದಾರಿಯಾಯಿತು. ಮರುವರ್ಷ ಪ್ಲೇಗ್ ಹುಬ್ಬಳ್ಳಿ-ಧಾರವಾಡಗಳನ್ನು ಸೂರೆಮಾಡಿತು. ರೈಲು ದಾರಿಯಲ್ಲಿ ಮೈಮುಟ್ಟಿ ನೋಡಿದವರಿಗೆ ಇಲಿ, ಚಿಗಟಗಳ ಕೆಲಸ ಆಗಿನ್ನೂ ಗೊತ್ತಾಗಿರಲಿಲ್ಲ.

ಪ್ಲೇಗಿಗೆ ಹಸುಗೂಸುಗಳು ಹೆಚ್ಚಾಗಿ ಬಲಿಯಾಗಲಿಲ್ಲ. ಅವುಗಳನ್ನು ಕೊಲ್ಲುತ್ತಿದ್ದದ್ದು ಭೇದಿ, ಪುಪ್ಪುಸದ ರೋಗ, ಧನುರ್ವಾತ. ಆದರೆ ಸರಕಾರದ ಹಣ, ಸಿಬ್ಬಂದಿ, ಗಮನ ಎಲ್ಲ ಹರಿದದ್ದು ಪ್ಲೇಗಿನ ಕಡೆಗೆ. ವ್ಯಾಪಾರ ನಿಲ್ಲಿಸುವ ರೋಗಕ್ಕೆ ಸಿಗುವ ಮರ್ಯಾದೆ ತೊಟ್ಟಿಲು ಬರಿದಾಗಿಸುವ ರೋಗಕ್ಕೆ ಸಿಗಲಿಲ್ಲ. 1898ರಲ್ಲಿ ಹುಟ್ಟಿದ ಮುಂಬಯಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಗಾಳಿ ಬೆಳಕಿಲ್ಲದ ಮನೆಗಳನ್ನು ಕೆಡವಿದ್ದು ದಿಟ. ಕೆಡವಿದ ಮನೆಗಳಲ್ಲಿದ್ದವರು ಪಕ್ಕದ ಕೇರಿಯ ಕೋಣೆಗಳಲ್ಲಿ ಇನ್ನಷ್ಟು ಒತ್ತೊತ್ತಾಗಿ ತುಂಬಿಕೊಂಡದ್ದೂ ದಿಟ. 1921ರಲ್ಲೂ ನಗರದ ಮೂರರಲ್ಲಿ ಎರಡು ಪಾಲು ಜನ ಒಂದೇ ಕೋಣೆಯ ಬಿಡಾರಗಳಲ್ಲಿದ್ದರು.

ನೀರಿನ ಕತೆಯಲ್ಲಿ ಥಾಣೆಯ ಪಾಲು ಇನ್ನೂ ವಿಚಿತ್ರ. ಮುಂಬಯಿಗೆ 1892ರಲ್ಲಿ ನೀರು ಕೊಟ್ಟ ತಾನ್ಸಾ ಅಣೆಕಟ್ಟು ಇರುವುದು ಥಾಣೆ ಜಿಲ್ಲೆಯ ಶಹಾಪುರದ ಕಾಡಿನಲ್ಲಿ. ಅದಕ್ಕೂ ಮೊದಲಿನ ವಿಹಾರ, ತುಳಸಿ ಕೆರೆಗಳಿದ್ದದ್ದೂ ಅಂದಿನ ಥಾಣೆ ಜಿಲ್ಲೆಯ ಸಾಷ್ಟಿಯಲ್ಲಿ. ದಪ್ಪ ಕೊಳವೆಗಳು ಹಳ್ಳಿಗಳ ಪಕ್ಕದಲ್ಲಿ ಹಾದು ಹೋಗುತ್ತಿದ್ದವು. ಹಳ್ಳಿಯವರು ಕುಡಿಯುತ್ತಿದ್ದದ್ದು ಬಾವಿ, ಕೆರೆ, ಹೊಳೆಯ ನೀರು. ನೀರು ಹೀಗೆ ಹೋದರೆ ಕಸ ಹಾಗೆ ಬಂತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ ಮುಂಬಯಿಯ ಕಸವನ್ನು ರೈಲು ಡಬ್ಬಿಗಳಲ್ಲಿ ತುಂಬಿ ಕುರ್ಲಾ ದಾಟಿಸಿ ಚೆಂಬೂರಿನ ಜೌಗು ನೆಲಕ್ಕೆ ಸುರಿಯತೊಡಗಿದರು. ‘ಕಚರಾ ಗಾಡಿ’ ಎಂದೇ ಅದಕ್ಕೆ ಹೆಸರು. ಚೆಂಬೂರು ಆಗ ಇನ್ನೂ ಥಾಣೆ ಜಿಲ್ಲೆ. ನಗರದ ಆರೋಗ್ಯ ಸುಧಾರಣೆಯ ಖರ್ಚಿನಲ್ಲಿ ಇದನ್ನು ಯಾರೂ ಜಮೆ ಹಿಡಿದದ್ದಿಲ್ಲ.

ಮಲೇರಿಯಾದ ಮಾತೂ ಇದೆ. ಡಾ. ಸಿ. ಎ. ಬೆಂಟ್ಲಿ 1911ರಲ್ಲಿ ಕೊಟ್ಟ ವರದಿಯಲ್ಲಿ ಮುಂಬಯಿಯ ಮಲೇರಿಯಾಕ್ಕೆ ಮನೆಮನೆಯ ಬಾವಿಗಳಲ್ಲಿ, ತೊಟ್ಟಿಗಳಲ್ಲಿ ಬೆಳೆಯುವ ಸೊಳ್ಳೆಯೇ ಕಾರಣವೆಂದು ತೋರಿಸಿದರು. ಆಮೇಲೆ ನಗರದಲ್ಲಿ ಬಾವಿ ಮುಚ್ಚಿಸುವ ಕೆಲಸ ನಡೆಯಿತು, ಧರ್ಮದ ಹೆಸರಲ್ಲಿ ಜಗಳಗಳೂ ನಡೆದವು. ಥಾಣೆಯ ಭತ್ತದ ಗದ್ದೆ, ಕಾಡು, ಜೌಗಿನಲ್ಲಿ ಮುಚ್ಚಲು ಬಾವಿಯೊಂದೇ ಇದ್ದದ್ದಲ್ಲ. ಅಲ್ಲಿನ ಮಳೆಗಾಲದ ಜ್ವರ ಗೆಜೆಟಿಯರುಗಳಲ್ಲಿ ಹಳೆಯ ಕುಖ್ಯಾತಿ ಪಡೆದದ್ದು. ಬಸುರಿಗೆ ಮಲೇರಿಯಾ ಬಂದರೆ ರಕ್ತ ಬತ್ತುತ್ತದೆ, ಕೂಸು ತೂಕವಿಲ್ಲದೆ ಹುಟ್ಟುತ್ತದೆ, ದಿನ ತುಂಬುವ ಮೊದಲೇ ಹುಟ್ಟುತ್ತದೆ. ಇಂಥ ಕೂಸು ಸತ್ತರೆ ಪುಸ್ತಕದಲ್ಲಿ ಮಲೇರಿಯಾ ಎಂದು ಬರೆಯುವುದಿಲ್ಲ. ‘ನಿಶ್ಶಕ್ತಿ’ ಎಂಬ ಒಂದೇ ಪದದೊಳಗೆ ಎಷ್ಟೊಂದು ರೋಗಗಳು ಅಡಗಿ ಕೂತಿದ್ದವು ಎಂಬುದನ್ನು ಈಗ ಬಿಡಿಸುವುದು ಅಸಾಧ್ಯ.

ಗಿರಣಿಯ ಹೆಂಗಸಿನ ಕೂಸು ತವರಿನಿಂದ ಬದುಕಿ ಬಂತು ಎನ್ನೋಣ. ಮುಂದೇನು? ಮುಂಬಯಿಯ ಹತ್ತಿ ಗಿರಣಿಗಳಲ್ಲಿ ದುಡಿಯುವವರಲ್ಲಿ ಐವರಲ್ಲೊಬ್ಬರು ಹೆಂಗಸರು, ಹೆಚ್ಚಾಗಿ ನೂಲು ಸುತ್ತುವ ವಿಭಾಗಗಳಲ್ಲಿ. ಕಾಯ್ದೆಯ ಪ್ರಕಾರ ಅವರನ್ನು ದಿನಕ್ಕೆ 11 ಗಂಟೆಯವರೆಗೆ ದುಡಿಸಬಹುದಿತ್ತು. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಬಾಣಂತಿಗೆ ರಜೆ ಮತ್ತು ಭತ್ಯೆ ಕೊಡಬೇಕೆಂದು ಒಪ್ಪಂದ ಮಾಡಿತು; ಭಾರತ ಸರಕಾರ ಮೊದಲು ವಿಚಾರಣೆ ನಡೆಸಿ ವರದಿ ಕೊಡಲಿ ಎಂದಿತು. ಆ ವಿಚಾರಣೆಯ ಅಂಗವಾಗಿ ಮುಂಬಯಿಯಲ್ಲಿ ನೇಮಕವಾದವರು ಡಾ. ಫ್ಲಾರೆನ್ಸ್ ಬಾರ್ನ್ಸ್. ಅವರ ವರದಿ 1922ರಲ್ಲಿ ಸರಕಾರದ ‘ಲೇಬರ್ ಗೆಜೆಟ್’ನಲ್ಲಿ ಬಂತು. ಗಿರಣಿ ಹೆಂಗಸರ ಕೂಸುಗಳಲ್ಲಿ ನೂರಕ್ಕೆ 98ಕ್ಕೆ ಅಫೀಮು ಕೊಡುತ್ತಾರೆ ಎಂಬುದು ಅದರಲ್ಲಿದ್ದ ಮಾತು.

ಅಫೀಮು ಬರುತ್ತಿದ್ದದ್ದು ಬಾಳಗೋಳಿ ಎಂಬ ಸಣ್ಣ ಗುಳಿಗೆಯ ರೂಪದಲ್ಲಿ. ಕೂಸು ನಿದ್ದೆ ಹೋಗುತ್ತದೆ, ಅಳುವುದಿಲ್ಲ, ಹಸಿವು ಕೇಳುವುದಿಲ್ಲ, ಭೇದಿಯೂ ಕಟ್ಟುತ್ತದೆ. ಹೊತ್ತಿಗೆ ಸರಿಯಾಗಿ ಹಾಲು ಸಿಗದೆ ಸೊರಗುತ್ತದೆ. ಪ್ರಮಾಣ ತುಸು ಹೆಚ್ಚಾದರೆ ನಿದ್ದೆಯಿಂದ ಏಳುವುದಿಲ್ಲ. ತಾಯಂದಿರ ಅಜ್ಞಾನ ಎಂದು ಇದನ್ನು ಹಳಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ಬೆಳಗಿನಿಂದ ಕತ್ತಲೆಯವರೆಗೆ ಗಿರಣಿಯಲ್ಲಿರುವವಳು ಕೂಸನ್ನು ಯಾರ ಕೈಗೆ ಒಪ್ಪಿಸಿ ಹೋಗಬೇಕಿತ್ತು? ತೊಟ್ಟಿಲ ಕೋಣೆಯಿದ್ದ ಗಿರಣಿಗಳು ಬೆರಳೆಣಿಕೆಯಷ್ಟು. ಅಫೀಮು ಮಾರುತ್ತಿದ್ದ ಅಂಗಡಿಗೆ ಪರವಾನಗಿ ಕೊಟ್ಟು ಸುಂಕ ಎತ್ತುತ್ತಿದ್ದದ್ದು ಸರಕಾರವೇ. ವರದಿಯನ್ನು ಅಚ್ಚು ಹಾಕಿಸಿದ ಸರಕಾರವೂ ಅದೇ.

ಇಲ್ಲಿ ಮತ್ತೆ 828ರ ಲೆಕ್ಕಕ್ಕೆ ಬರಬೇಕು. ಒಂದು ಕೋಣೆಯ ಬಿಡಾರದಲ್ಲೇ ಸಾವು ಹೆಚ್ಚು ಎಂಬುದು ಇಕ್ಕಟ್ಟಿನ ಮನೆಗಳ ವಿರುದ್ಧ ಬಲವಾದ ಸಾಕ್ಷಿಯಂತೆ ಕಾಣುತ್ತದೆ. ಆದರೆ ಹೆರಿಗೆಗೆ ಊರಿಗೆ ಹೋಗುವವರೂ ಮುಖ್ಯವಾಗಿ ಆ ಕೋಣೆಗಳವರೇ. ಹಾಗಾಗಿ ಲೆಕ್ಕದ ಉಬ್ಬರವೂ ಅಲ್ಲೇ ಹೆಚ್ಚು. ಇದನ್ನು ಮರೆತು ಆ ಅಂಕಿಯನ್ನು ಭಾಷಣದಲ್ಲಿ ಬಳಸಿದವರು ಒಳ್ಳೆಯ ಉದ್ದೇಶದಿಂದಲೇ ಬಳಸಿದರು. ಇದನ್ನೇ ನೆಪ ಮಾಡಿಕೊಂಡು ‘ಅಂಕಿಯೇ ತಪ್ಪು, ಅಷ್ಟೇನೂ ಕೆಟ್ಟಿಲ್ಲ’ ಎಂದು ಕೈ ತೊಳೆದುಕೊಳ್ಳುವುದಕ್ಕೂ ದಾರಿಯಿತ್ತು. ಎರಡನೆಯವರ ವಾದ ಹೆಚ್ಚು ದೂರ ಹೋಗುವುದಿಲ್ಲ. ಲೆಕ್ಕವನ್ನು ಅರ್ಧಕ್ಕೆ ಇಳಿಸಿದರೂ ಉಳಿಯುವುದು ಮುನ್ನೂರಕ್ಕೂ ಹೆಚ್ಚು. ಅದು ಅದೇ ವರ್ಷದ ಲಂಡನ್ನಿನ ನಾಲ್ಕು ಪಟ್ಟು.

ಕೇಂದ್ರ ಶಾಸನಸಭೆಯಲ್ಲಿ ಎನ್. ಎಂ. ಜೋಶಿ 1924ರಲ್ಲಿ ತಂದ ಹೆರಿಗೆ ಭತ್ಯೆಯ ಮಸೂದೆ ಬಿದ್ದುಹೋಯಿತು. ಮುಂಬಯಿ ವಿಧಾನ ಪರಿಷತ್ತಿನಲ್ಲಿ ಆರ್. ಎಸ್. ಅಸವಲೆ ಅಂಥದ್ದೇ ಮಸೂದೆ ತಂದಾಗ, 1928ರ ಜುಲೈನಲ್ಲಿ, ಡಾ. ಬಿ. ಆರ್. ಅಂಬೇಡ್ಕರ್ ಅದರ ಪರವಾಗಿ ಮಾತಾಡಿದರು. ಹೆರಿಗೆಯ ಹಿಂದುಮುಂದಿನ ವಿಶ್ರಾಂತಿ ದೇಶದ ಹಿತಕ್ಕೇ ಬೇಕಾದದ್ದು, ಹೊರೆಯ ದೊಡ್ಡ ಪಾಲನ್ನು ಸರಕಾರವೇ ಹೊರಬೇಕಾದದ್ದು ನ್ಯಾಯ. ಅದಾಗುವವರೆಗೆ ಆ ದುಡಿಮೆಯಿಂದ ಲಾಭ ಪಡೆಯುವ ಮಾಲೀಕರೂ ಪಾಲು ಕೊಡಲಿ ಎಂಬುದು ಅವರ ವಾದದ ಸಾರ. 1929ರಲ್ಲಿ ಕಾಯ್ದೆಯಾಯಿತು; ಬಾಣಂತಿಗೆ ದಿನಕ್ಕೆ ಎಂಟಾಣೆ, ಕೆಲವು ವಾರಗಳ ಮಟ್ಟಿಗೆ. ಭಾರತದಲ್ಲಿ ಇಂಥ ಮೊದಲ ಕಾಯ್ದೆ ಅದು. ಆದರೆ ಕಾಯ್ದೆ ಕಾಣುತ್ತಿದ್ದದ್ದು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಹೆಂಗಸನ್ನು. ಥಾಣೆಯ ಖಾರಿಯಂಚಿನಲ್ಲಿ ಉಪ್ಪು ಎಳೆಯುತ್ತಿದ್ದ ಆಗ್ರಿ ಹೆಂಗಸು, ಇಟ್ಟಿಗೆ ಭಟ್ಟಿಯ ಕಾತಕರಿ ಹೆಂಗಸು, ಡೊಂಬಿವಲಿಯ ಗದ್ದೆಯಲ್ಲಿ ಮೊಣಕಾಲು ನೀರಿನಲ್ಲಿ ನಾಟಿ ಹಾಕುತ್ತಿದ್ದ ಬಸುರಿ, ಇವರ ಹೆಸರು ಯಾವ ಹಾಜರಿಯಲ್ಲೂ ಇರಲಿಲ್ಲ.

ಇಪ್ಪತ್ತರ ದಶಕದಲ್ಲಿ ಪರೇಲಿನಲ್ಲಿ ಆಸ್ಪತ್ರೆಗಳು ಎದ್ದವು: 1926ರಲ್ಲಿ ಕೆ.ಇ.ಎಂ. ಮತ್ತು ನವರೋಜಿ ವಾಡಿಯಾ ಹೆರಿಗೆ ಆಸ್ಪತ್ರೆ, 1929ರಲ್ಲಿ ಬಾಯಿ ಜೆರ್ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆ. ಶಿಶುಕಲ್ಯಾಣ ಕೇಂದ್ರಗಳು, ತರಬೇತಾದ ದಾಯಿಗಳು ಬಂದರು. ದಶಕದ ಕೊನೆಗೆ ಮುಂಬಯಿಯ ಪ್ರಮಾಣ 300ರ ಆಸುಪಾಸಿಗೆ ಇಳಿದಿತ್ತು. ಎಂಟೇ ವರ್ಷಗಳಲ್ಲಿ ಅರ್ಧಕ್ಕೂ ಕಡಿಮೆ. ಇಷ್ಟು ಬೇಗ ಇಷ್ಟು ಇಳಿಯುವುದಕ್ಕೆ ವೈದ್ಯವೊಂದೇ ಕಾರಣವಾಗಿರಲಾರದು. 1918ರ ಇನ್‌ಫ್ಲುಯೆಂಜಾ ಮತ್ತು ಅದರ ಹಿಂದೆಯೇ ಬಂದ ಕ್ಷಾಮದ ಹೊಡೆತ ಕಳೆದಿತ್ತು. ಜೊತೆಗೆ ಆಸ್ಪತ್ರೆಯಲ್ಲಿ ಹುಟ್ಟುವ ಕೂಸು ತಾನಾಗಿಯೇ ಪುಸ್ತಕಕ್ಕೆ ಸೇರುತ್ತದೆ. ಹೆರಿಗೆಗೆ ಊರಿಗೆ ಹೋಗುವ ಬದಲು ವಾಡಿಯಾಕ್ಕೆ ಹೋದ ಪ್ರತಿಯೊಬ್ಬಳೂ ಭಾಗಲಬ್ಧದ ಕೆಳಗಿನ ಸಂಖ್ಯೆಯನ್ನು ಒಂದರಷ್ಟು ದೊಡ್ಡದು ಮಾಡುತ್ತಿದ್ದಳು. ಕೂಸುಗಳು ಹೆಚ್ಚು ಬದುಕಿದ್ದೂ ಹೌದು, ಹೆಚ್ಚು ಎಣಿಕೆಯಾದದ್ದೂ ಹೌದು. ಯಾವುದರ ಪಾಲು ಎಷ್ಟು ಎಂದು ಒಟ್ಟು ಅಂಕಿ ಒಂದರಿಂದಲೇ ಬೇರ್ಪಡಿಸಲು ಬರುವುದಿಲ್ಲ.

ಆಸ್ಪತ್ರೆಗಳು ಎದ್ದದ್ದು ಪರೇಲಿನಲ್ಲಿ ಎಂಬುದೂ ಕತೆಯ ಭಾಗವೇ. ರೈಲಿನ ಆಚೆ ತುದಿಯ ಜಿಲ್ಲೆಗೆ ಜನ ತುಂಬಿದ್ದು ಆಮೇಲೆ: ದೇಶವಿಭಜನೆಯಲ್ಲಿ ಬಂದ ಸಿಂಧಿಗಳಿಗೆ ಕಲ್ಯಾಣದ ಮಿಲಿಟರಿ ಕ್ಯಾಂಪು ಮನೆಯಾಗಿ 1949ರಲ್ಲಿ ಉಲ್ಲಾಸನಗರವಾಯಿತು, 1970ರಲ್ಲಿ ಸಿಡ್ಕೊ ಬಂದು ಖಾರಿಯಾಚೆ ನವಿ ಮುಂಬಯಿ ಕಟ್ಟಿತು, ಮುಂಬಯಿಯಲ್ಲಿ ಮನೆ ಎಟುಕದ ಗುಮಾಸ್ತರು, ಹೋಟೆಲಿನವರು, ಮಾಸ್ತರರು ಡೊಂಬಿವಲಿಗೆ ಬಂದರು, ಅವರಲ್ಲಿ ಉಡುಪಿ, ಮಂಗಳೂರು, ಧಾರವಾಡ, ಕಲಬುರಗಿಯವರೂ ಇದ್ದರು. 2011ರ ಹೊತ್ತಿಗೆ ಕಲ್ಯಾಣ್-ಡೊಂಬಿವಲಿ ಪಾಲಿಕೆಯ ಜನಸಂಖ್ಯೆ 12 ಲಕ್ಷ ದಾಟಿತ್ತು. 1921ರ ಇಡೀ ಮುಂಬಯಿಗಿಂತ ಹೆಚ್ಚು. 2020ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ಮಹಾರಾಷ್ಟ್ರದ ಶಿಶುಮರಣ ಸಾವಿರಕ್ಕೆ 16, ಕರ್ನಾಟಕದ್ದು 19.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಡೊಂಬಿವಲಿಯ ಕನ್ನಡ ಮನೆಗಳಲ್ಲೂ ಪೂರ್ತಿ ನಿಂತಿಲ್ಲ. ಹಡಗಿನ ಬದಲು ಕೊಂಕಣ ರೈಲು ಬಂದಿದೆ, ಅಷ್ಟೇ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹುಟ್ಟನ್ನು ಬರೆಸಬೇಕಾದದ್ದು ಹುಟ್ಟಿದ ಊರಿನಲ್ಲಿ, ಸಾವನ್ನು ಸತ್ತ ಊರಿನಲ್ಲಿ. ಉಡುಪಿಯಲ್ಲಿ ಹುಟ್ಟಿದ ಡೊಂಬಿವಲಿಯ ಕೂಸು ಇಂದಿಗೂ ಉಡುಪಿಯ ಪುಸ್ತಕದ ಕೂಸೇ. ಮಾದರಿ ನೋಂದಣಿಯವರು ಮಾತ್ರ ಈ ತೊಡಕನ್ನು ಬೇರೆ ರೀತಿ ಬಿಡಿಸಿಕೊಂಡಿದ್ದಾರೆ. ಆರಿಸಿಕೊಂಡ ಮನೆಗಳ ಬಾಗಿಲಿಗೇ ಹೋಗಿ, ಸೊಸೆ ಎಲ್ಲಿ ಹೋಗಿದ್ದಾಳೆ, ಎಷ್ಟು ತಿಂಗಳು ಎಂದು ಕೇಳುತ್ತಾರೆ. ಕೂಸು ಎಲ್ಲಿ ಹುಟ್ಟಿದರೂ ಅದನ್ನು ತಾಯಿ ವಾಸಿಸುವ ಮನೆಯ ಲೆಕ್ಕಕ್ಕೇ ಬರೆದುಕೊಳ್ಳುತ್ತಾರೆ.